ಟ್ವೀಟರ್ ಸರಿಯಾಗಿತ್ತು

ಚನ್ನಪಟ್ಟಣದಿಂದ ಫೋನ್ ಬಂದಾಗ ನಾನು ಕನಕಪುರದ ನನ್ನ ಅಂಗಡಿಯಲ್ಲಿ ಯಾವುದೋ ಕಲ್ಯಾಣ ಮಂಟಪದ ಆಂಪ್ಲಿಫೈಯರ್ ಬಿಚ್ಚಿಕೊಂಡು ಕೂತಿದ್ದೆ. ಮಾತಾಡಿದವರು ಬೊಂಬೆ ಮಾಡುವವರು. ಮನೆಯ ಹಿಂದೆ ಲೇತ್ ಹಾಕಿಕೊಂಡು ಮರ ಕಡೆದು, ಬಣ್ಣದ ಅರಗು ಹಚ್ಚಿ ಆಟದ ಸಾಮಾನು ತಯಾರಿಸುತ್ತಿದ್ದರು. ಮನೆಯಲ್ಲಿ ಹಳೇ ಸ್ಟೀರಿಯೋ ಇದೆ, ಎಸೆಯೋಕೆ ಮನಸ್ಸಿಲ್ಲ, ಅದನ್ನೇ ಈ ಕಾಲಕ್ಕೆ ತಕ್ಕ ಹಾಗೆ ಮಾಡಿಕೊಡೋಕಾಗುತ್ತಾ ಅಂತ ಕೇಳಿದರು. ಒಂದು ಸಾಧಾರಣ ಫೋನಿಗೆ ಎಷ್ಟು ಕೊಡ್ತಾರೋ ಅಷ್ಟರೊಳಗೆ ಮುಗೀಬೇಕು ಅಂತಲೂ ಮೊದಲೇ ಹೇಳಿಬಿಟ್ಟರು. ಇಂಥ ಕೆಲಸ ಈಗ ಬರುವುದೇ ಅಪರೂಪ. ಮಾರನೇ ದಿನವೇ ಸ್ಕೂಟರ್ ಹತ್ತಿ ಸಾತನೂರು ಮೇಲೆ ಹೊರಟೆ.

ಅವರನ್ನು ನಾನು ಭಾಯ್ ಅಂತ ಕರೆದೆ. ಅವರ ಹೆಂಡತಿ ಸರ್ಕಾರಿ ಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಬೀದಿಯವರೆಲ್ಲ ಅವರನ್ನು ಈಗಲೂ ಮಿಸ್ ಅಂತಲೇ ಕರೆಯುತ್ತಾರೆ. ಸಕ್ಕರೆ ಕಾಯಿಲೆಯಿಂದ ಮಿಸ್‌ಗೆ ಕಣ್ಣು ಮಂಜಾಗುತ್ತಾ ಬಂದಿತ್ತು. ಒಂದು ಪುಟ ಓದಿದರೆ ಸಾಕು, ಕಣ್ಣು ಮುಚ್ಚಿಕೊಂಡು ಕೂರಬೇಕು. ಅದಕ್ಕೇ ಓದುವ ಬದಲು ಕೇಳುವುದು ರೂಢಿಯಾಗಿತ್ತು. ಫೋನಿನಲ್ಲಿ ಹಳೇ ಹಾಡು, ವಚನ, ಯಾರಾದರೂ ಓದಿ ಹಾಕಿದ ಕಥೆ, ಎಲ್ಲ ಕೇಳುತ್ತಿದ್ದರು. ಆ ಚಿಕ್ಕ ಸ್ಪೀಕರಿನಲ್ಲಿ ಕೇಳಿ ಕೇಳಿ ಬೇಜಾರಾಗಿದೆ, ಈ ದೊಡ್ಡದರಲ್ಲಿ ಬಂದರೆ ಮನೆಯಲ್ಲಿ ಯಾರೋ ಕೂತು ಮಾತಾಡಿದ ಹಾಗಿರುತ್ತೆ ಅಂದರು. ಕೆಲಸ ಭಾಯ್ ಕೊಟ್ಟಿದ್ದರೂ ಅದು ಮಿಸ್‌ಗೋಸ್ಕರ ಅನ್ನುವುದು ಆಗಲೇ ತಿಳಿಯಿತು.

ಸ್ಟೀರಿಯೋ ಚೆನ್ನಾಗಿ ಬಾಳಿದ್ದೇ. ಮೊಣಕಾಲೆತ್ತರದ ಎರಡು ಸ್ಪೀಕರ್ ಡಬ್ಬಗಳು. ಮರ ಆರಿಸಿ ಮಾಡಿಸಿದವರು ಭಾಯ್ ಅವರ ತಂದೆಯಂತೆ. ಬೆರಳಿನಿಂದ ತಟ್ಟಿದರೆ ಎಲ್ಲೂ ಟೊಳ್ಳು ಸದ್ದು ಬರಲಿಲ್ಲ. ಮುಂದಿನ ಬಟ್ಟೆ ತೆಗೆದು ದಪ್ಪ ಸದ್ದಿನ ದೊಡ್ಡ ಸ್ಪೀಕರಾದ ವೂಫರಿನ ಅಂಚು ಮುಟ್ಟಿದೆ, ಸುತ್ತಲಿನ ಫೋಮ್ ಒಣಗಿದ ರೊಟ್ಟಿಯ ಹಾಗೆ ಪುಡಿಯಾಗಿ ಕೈಗೆ ಬಂತು. ಆಂಪ್ಲಿಫೈಯರ್ ಹಾಕಿದರೆ ಗುಂಯ್ ಅನ್ನುವ ಸದ್ದು. ಮುಚ್ಚಳ ಬಿಚ್ಚಿದಾಗ ಕರೆಂಟ್ ಸೋಸುವ ದೊಡ್ಡ ಕೆಪಾಸಿಟರ್‌ಗಳ ತಲೆ ಉಬ್ಬಿತ್ತು. ವಾಲ್ಯೂಮ್ ತಿರುಗಿಸಿದರೆ ಕರಕರ. ಎಡಗಡೆ ಆಗಾಗ ಸತ್ತುಹೋಗುತ್ತಿತ್ತು, ತಟ್ಟಿದರೆ ಬರುತ್ತಿತ್ತು. ಅದು ಸ್ಪೀಕರಿಗೆ ಸದ್ದು ಬಿಡುವ ರಿಲೇ ಸ್ವಿಚ್ಚು ಕಪ್ಪು ಹಿಡಿದದ್ದು. ಕ್ಯಾಸೆಟ್ ಡೆಕ್ಕಿನ ಬೆಲ್ಟ್ ಕರಗಿ ಟಾರಿನಂತಾಗಿತ್ತು.

ಕೈಯಲ್ಲಿರೋದು ಇಷ್ಟೇ ದುಡ್ಡು ಅಂದಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಅನ್ನುವುದೇ ಅರ್ಧ ಕೆಲಸ. ಟ್ರಾನ್ಸ್‌ಫಾರ್ಮರ್ ಗಟ್ಟಿ, ಡಬ್ಬ ಗಟ್ಟಿ, ವೂಫರಿನ ಒಳಗಿನ ತಂತಿಸುರುಳಿ ಅಂದರೆ ಕಾಯಿಲ್ ಸರಿ ಇದೆ. ಅವನ್ನು ಮುಟ್ಟುವುದು ಬೇಡ ಅಂದೆ. ಡೆಕ್ಕನ್ನು ಕೈಬಿಡೋಣ, ಬದಲಿಗೆ ಫೋನಿನಿಂದ ಹಾಡು ಬರುವ ಹಾಗೆ ಒಂದು ಒಳ್ಳೇ ಬ್ಲೂಟೂತ್ ಬೋರ್ಡ್ ಹಾಕೋಣ. ಕೆಪಾಸಿಟರ್, ರಿಲೇ, ವಾಲ್ಯೂಮ್ ಹೊಸದು, ವೂಫರಿಗೆ ಹೊಸ ಫೋಮ್. ಮಿಕ್ಕಿದ್ದನ್ನೆಲ್ಲ ಟ್ವೀಟರಿಗೆ ಹಾಕೋಣ. ಟ್ವೀಟರ್ ಅಂದರೆ ಡಬ್ಬದ ಮೇಲುಗಡೆ ಇರುವ ಚಿಕ್ಕ ಸ್ಪೀಕರ್. ತಾಳದ ಝಣ್ ಸದ್ದು, ಕೊಳಲಿನ ಉಸಿರು, ಹಾಡುವವರ ಬಾಯಿಂದ ಬರುವ ‘ಸ’, ‘ಶ’ ಎಲ್ಲ ಅದರದೇ ಕೆಲಸ. ಹಳೆಯವು ಕಾಗದದವು. ರೇಷ್ಮೆ ಬಟ್ಟೆಯ ಗುಮ್ಮಟ ಇರುವ ಹೊಸ ಜೋಡಿ ತರಿಸುತ್ತೇನೆ ಅಂದೆ. ಪಕ್ಕದ ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿಂದ ತಂದುಬಿಡಿ ಅಂತ ಭಾಯ್ ತಮಾಷೆ ಮಾಡಿದರು.

ಎಲ್ಲವನ್ನೂ ಕನಕಪುರಕ್ಕೆ ತಂದೆ. ವೂಫರಿನ ಹಳೇ ಗೋಂದು ಕೆರೆಯುವುದರಲ್ಲೇ ದಿನಗಳು ಹೋದವು. ಕಾಯಿಲ್ ಪಕ್ಕಕ್ಕೆ ಸರಿಯದಂತೆ ಅದರ ಸಂದಿಯಲ್ಲಿ ತೆಳು ಕಾಗದದ ಪಟ್ಟಿ ತೂರಿಸಿ, ಹೊಸ ಫೋಮ್ ಅಂಟಿಸಿ, ಬಟ್ಟೆಗೆ ಹಾಕುವ ಕ್ಲಿಪ್ಪು ಕಚ್ಚಿಸಿ ಒಣಗಲು ಬಿಟ್ಟೆ. ಮೊದಲನೇ ಸಲ ಒಂದು ವೂಫರ್ ಉಜ್ಜಿಕೊಂಡು ಕೆರಕೆರ ಅಂತು. ಫೋಮ್ ಕಿತ್ತು ಮತ್ತೆ ಅಂಟಿಸಿದೆ. ಆಂಪ್ಲಿಫೈಯರಿನ ಗುಂಯ್ ಸದ್ದು ಪೂರ್ತಿ ನಿಂತಿತು. ಇಷ್ಟು ಕೆಲಸದಲ್ಲಿ ಇವತ್ತಿಗೂ ನಾನು ತಲೆ ತಗ್ಗಿಸಬೇಕಾದದ್ದು ಏನೂ ಇಲ್ಲ.

ಆಮೇಲೆ ಟ್ವೀಟರ್. ಹೊಸ ಟ್ವೀಟರಿನ ಸದ್ದು ಹಳೇ ವೂಫರಿಗಿಂತ ಜೋರು. ಎರಡೂ ಸಮವಾಗಲು ಟ್ವೀಟರಿನ ದಾರಿಯಲ್ಲಿ ಒಂದು ರೆಸಿಸ್ಟರ್ ಹಾಕಿ ಒಸಿ ತಗ್ಗಿಸಬೇಕು. ಲೆಕ್ಕ ಮಾಡಿ ಹಾಕಿದೆ. ಹಾಡು ಹಾಕಿ ಕೇಳಿದೆ, ಕಂಬಳಿ ಹೊದಿಸಿದ ಹಾಗೆ ಮಂಕಾಗಿತ್ತು. ರೆಸಿಸ್ಟರ್ ಚಿಕ್ಕದು ಮಾಡಿದೆ. ಆಗಲೂ ಮಂಕು. ಲೆಕ್ಕಕ್ಕಿಂತ ಕಿವಿ ದೊಡ್ಡದು ಅನ್ನುವುದು ನನ್ನ ಬಹಳ ದಿನದ ಜಂಬ. ಗಿರಾಕಿಗಳ ಎದುರಿಗೆ ಅದನ್ನು ಎಷ್ಟೋ ಸಲ ಹೇಳಿದ್ದೇನೆ. ರೆಸಿಸ್ಟರನ್ನು ಕಿತ್ತೇ ಹಾಕಿ ನೇರ ತಂತಿ ಬೆಸೆದೆ. ಆಗ ಸರಿ ಅನ್ನಿಸಿತು, ತಾಳ ಕೇಳಿಸಿತು.

ಚನ್ನಪಟ್ಟಣದಲ್ಲಿ ಕೂಡಿಸಿ ಹಾಕಿದಾಗ ಭಾಯ್ ಮುಖ ಅರಳಿತು. ಲೇತ್ ನಿಲ್ಲಿಸಿ ಬಂದು, ತೋಳಿನ ಮೇಲಿದ್ದ ಮರದ ಪುಡಿ ಒರೆಸಿಕೊಳ್ಳದೆ ನಿಂತು ಕೇಳಿದರು. ಇದೀಗ ಸೌಂಡು ಅಂದರೆ ಅಂದರು. ಮಿಸ್ ಮಾತ್ರ ಕುರ್ಚಿಯಲ್ಲಿ ಅಲ್ಲಾಡದೆ ಕೂತಿದ್ದರು. ಹಾಡು ಮುಗಿದ ಮೇಲೆ, ತಪ್ಪು ತಿಳ್ಕೋಬೇಡಿ ಅಂತ ಶುರು ಮಾಡಿ, ‘ಸ’ ಬಂದಾಗಲೆಲ್ಲ ಸೂಜಿಯಲ್ಲಿ ಚುಚ್ಚಿದ ಹಾಗಾಗುತ್ತೆ, ‘ಶ’ ಕೂಡ ‘ಸ’ ಥರಾನೇ ಸೀಳಿಕೊಂಡು ಬರುತ್ತೆ ಅಂದರು.

ನಾನು ನಕ್ಕೆ. ಆ ನಗು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

“ಮೇಡಂ, ಇಷ್ಟು ವರ್ಷ ನೀವು ಮಂಕು ಸೌಂಡ್ ಕೇಳ್ಕೊಂಡು ಬಂದಿದ್ದೀರ. ಈಗ ನಿಜವಾದ್ದು ಬತ್ತಾ ಐತೆ. ಕಿವಿ ಒಗ್ಗಬೇಕು, ಒಸಿ ದಿನ ಕೊಡಿ.”

ಇರಬಹುದು ಅಂತ ಮಿಸ್ ಅಂದರು. ಚೆನ್ನಾಗೇ ಐತಲ್ಲ, ಇವಳಿಗೆ ಎಲ್ಲದರಲ್ಲೂ ತಿದ್ದೋ ಚಾಳಿ ಅಂತ ಭಾಯ್ ನನ್ನ ಪರವಾಗಿ ಮಾತಾಡಿದರು.

ವಾರ ಕಳೆದ ಮೇಲೆ ಭಾಯ್ ಫೋನ್ ಮಾಡಿದರು. ಮಿಸ್ ಸ್ಟೀರಿಯೋ ಹಾಕುವುದನ್ನೇ ಬಿಟ್ಟಿದ್ದರು. ಹಾಕಿದರೆ ತಲೆನೋವು. ಮತ್ತೆ ಫೋನ್ ಹಿಡಿದುಕೊಂಡು ಕೂರುತ್ತಿದ್ದರು. ನಾನು ಹೋಗಿ ಕೋಣೆಯನ್ನು ದೂರಿದೆ. ನೆಲ ರೆಡ್ ಆಕ್ಸೈಡು, ಗೋಡೆ ಬೋಳು, ಸದ್ದು ಬಡಿದು ವಾಪಸ್ ಬರುತ್ತೆ ಅಂದೆ. ಅವರು ಪಾಪ ದಪ್ಪ ಪರದೆ ಕಟ್ಟಿದರು, ಜಮಖಾನ ಹಾಸಿದರು. ನಾನು ಸ್ಪೀಕರ್ ಜರುಗಿಸಿದೆ, ತಂತಿ ಬದಲಾಯಿಸಿದೆ, ಬ್ಲೂಟೂತ್ ಬೋರ್ಡನ್ನೂ ಬದಲಾಯಿಸಿದೆ. ಪ್ರತಿ ಸಲವೂ ಮಿಸ್‌ನ ಕೂರಿಸಿ ಈಗ ಹೆಂಗೆ ಅಂತ ಕೇಳುವುದು, ಅವರು ಸಂಕೋಚದಿಂದ ಇನ್ನೂ ಹಾಗೇ ಇದೆ ಅನ್ನುವುದು. ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಈ ಹೆಂಗಸಿಗೆ ಯಾವುದೂ ಸರಿ ಹೋಗೋದಿಲ್ಲ ಅಂತ ಮನೆಗೆ ಬಂದು ನನ್ನ ಹೆಂಡತಿಯ ಹತ್ತಿರ ಆಡಿಕೊಂಡೆ. ಅವಳೇನೋ ಅಂದಳು. ಬಾಯಿ ಬಿಟ್ಟು ಮಾತಾಡೋದು ಕಲಿ ಅಂತ ಗದರಿದೆ. ಆಗ ಕೆಲವು ಕಾಲದಿಂದ ಅವಳಿಗೆ ಹಾಗೇ ಗದರುತ್ತಿದ್ದೆ.

ಮುಂದಿನ ಸಲ ಹೋದಾಗ ಟ್ವೀಟರನ್ನೇ ಪರೀಕ್ಷೆ ಮಾಡುತ್ತೇನೆ ಅಂತ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡು ಹೋಗಿದ್ದೆ. ಅದು ಒಂದೇ ಶಿಳ್ಳೆಯಂಥ ಸದ್ದನ್ನು ದಪ್ಪ ದನಿಯಿಂದ ಸಣ್ಣ ದನಿಗೆ ಏರಿಸುತ್ತಾ ಹೋಗುತ್ತದೆ. ಟ್ವೀಟರ್ ಎಲ್ಲಾದರೂ ಮಧ್ಯೆ ಸತ್ತರೆ ಗೊತ್ತಾಗುತ್ತದೆ. ಭಾಯ್ ಬಾಗಿಲ ಹತ್ತಿರ ನಿಂತಿದ್ದರು, ಮಿಸ್ ಎಂದಿನ ಕುರ್ಚಿಯಲ್ಲಿ ಕೂತಿದ್ದರು. ಸದ್ದು ಏರುತ್ತಾ ಏರುತ್ತಾ ಹೋಗಿ, ನಡುವೆ ನಿಂತೇಹೋಯಿತು. ನನಗೆ ಹಿಗ್ಗಾಯಿತು. ಕೊನೆಗೂ ಸಿಕ್ಕಿತು ಅನ್ನಿಸಿತು.

“ನೋಡಿದ್ರಾ ಭಾಯ್, ಇಲ್ಲಿಗೆ ನಿಂತೋಯ್ತು. ಟ್ವೀಟರೇ ಡಿಫೆಕ್ಟು.”

ಭಾಯ್ ಕೂಡ ಹೌದು, ನಿಂತೋಯ್ತು ಅಂದರು. ತಿರುಗಿ ನೋಡಿದರೆ ಮಿಸ್ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದರು.

“ನಿಲ್ಲಿಸಿ, ದಯವಿಟ್ಟು. ಇನ್ನೂ ಕೂಗ್ತಾ ಇದೆ.”

ಕಿಟಕಿಯಲ್ಲಿ ಮಲಗಿದ್ದ ಬೆಕ್ಕು ಎದ್ದು ಒಳಗೆ ಓಡಿತ್ತು. ಫೋನ್ ನೋಡಿದೆ. ಪರದೆಯ ಮೇಲೆ ಅಂಕಿ ಏರುತ್ತಲೇ ಇತ್ತು. ನಿಲ್ಲಿಸಿದೆ. ಮಿಸ್ ಕೈ ತೆಗೆದರು. ಮತ್ತೆ ಹಾಕಿದೆ, ನನಗೆ ಏನೂ ಇಲ್ಲ. ಮಿಸ್ ಮತ್ತೆ ಕಿವಿ ಮುಚ್ಚಿದರು. ಲೇತ್ ಪಕ್ಕ ಜೀವಮಾನ ಕಳೆದ ಭಾಯ್‌ಗೂ ಕೇಳಿಸಿಲ್ಲ, ಹಿಂದೆ ಆರ್ಕೆಸ್ಟ್ರಾದವರ ಜೊತೆ ಊರೂರು ಸುತ್ತಿ ಆಳೆತ್ತರದ ಸ್ಪೀಕರ್ ಪಕ್ಕ ನಿಂತ ನನಗೂ ಕೇಳಿಸಿಲ್ಲ. ನನ್ನ ಕೆಲಸ ಚೆನ್ನಾಗಿದೆ ಅಂದವರು ಭಾಯ್ ಒಬ್ಬರೇ ಯಾಕೆ ಅನ್ನುವುದು ಆ ಕ್ಷಣದಲ್ಲೇ ಅರ್ಥವಾಯಿತು.

ಅರ್ಥವಾದ ಮೇಲೂ ನಾನು ಬಾಯಿ ಬಿಡಲಿಲ್ಲ. ಅದು ಸ್ಪೀಕರಿಂದ ಬರೋ ಸದ್ದಲ್ಲ ಮೇಡಂ, ಫೋನ್‌ದು, ಟ್ವೀಟರ್ ಮಾತ್ರ ಕೆಟ್ಟ ಲಾಟಿನದು, ಬದಲಾಯಿಸಿ ತರ್ತೀನಿ ಅಂದೆ. ಎರಡೂ ಟ್ವೀಟರ್ ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಕೊಟ್ಟ ಚಹಾ ಕುಡಿಯದೆ ಹೊರಟೆ. ಬೆಂಗಳೂರಿನ ಅಂಗಡಿಯವನಿಗೆ ಫೋನ್ ಮಾಡಿ ಕೆಟ್ಟ ಮಾಲು ಕೊಟ್ಟಿದ್ದೀಯ ಅಂತ ದಬಾಯಿಸಿದೆ. ಅವನು ಬೇರೆ ಜೋಡಿ ಕಳಿಸಿದ. ಹೊಸದನ್ನೂ ಬಿಚ್ಚಿ ತಂದದ್ದನ್ನೂ ಮೇಜಿನ ಮೇಲಿಟ್ಟು ಮೀಟರಿನಲ್ಲಿ ಅಳೆದೆ. ಎರಡೂ ಒಂದೇ. ಅಳೆಯುವ ಮೊದಲೇ ಅದು ನನಗೆ ಗೊತ್ತಿತ್ತು.

ರಾಮನಗರದ ಒಂದು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆಗೆ ಹೋದೆ. ಕನಕಪುರದಲ್ಲಿ ಯಾರಾದರೂ ನೋಡಿಯಾರು ಅಂತ ಅಲ್ಲಿಗೆ ಹೋದದ್ದು. ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗ ಗುಂಡಿ ಒತ್ತಿ ಅಂದರು. ಮೊದಮೊದಲು ಒತ್ತಿದೆ, ಆಮೇಲೆ ಬಹಳ ಹೊತ್ತು ಒತ್ತುವಂಥದ್ದು ಏನೂ ಬರಲಿಲ್ಲ. ಗಾಜಿನಾಚೆ ಪರೀಕ್ಷೆ ಮಾಡುವಾಕೆ ಏನನ್ನೋ ತಿರುಗಿಸುತ್ತಿರುವುದು ಕಾಣುತ್ತಿತ್ತು. ಶಾಲೆಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗನ ಹಾಗೆ ಸುಮ್ಮಸುಮ್ಮನೆ ಒಂದೆರಡು ಸಲ ಒತ್ತಿಬಿಟ್ಟೆ. ಹೊರಗೆ ಬಂದ ಮೇಲೆ ಆಕೆ ಗ್ರಾಫ್ ತೋರಿಸಿದರು. ಗೆರೆ ಅರ್ಧ ದೂರ ನೆಟ್ಟಗೆ ಬಂದು ಆಮೇಲೆ ಬಾವಿಗೆ ಬಿದ್ದ ಹಾಗಿತ್ತು. ಜೋರು ಸದ್ದಿನ ಕೆಲಸ ಮಾಡ್ತೀರಾ ಅಂತ ಕೇಳಿದರು. ಸ್ಪೀಕರ್ ರಿಪೇರಿ ಅನ್ನೋಕೆ ನಾಲಿಗೆ ಏಳಲಿಲ್ಲ, ವ್ಯಾಪಾರ ಅಂದೆ. ಹೋದದ್ದು ಬರೋದಿಲ್ಲ, ಇರೋದನ್ನ ಕಾಪಾಡ್ಕೊಳ್ಳಿ ಅಂತ ಹೇಳಿ, ‘ಸ’, ‘ಫ’ ಥರದ ಅಕ್ಷರಗಳು ತಪ್ಪಿಹೋಗ್ತವೆ, ಮನೆಯವರು ತೊದಲ್ತಾರೆ ಅನ್ನಿಸುತ್ತೆ ಅಂತಲೂ ಸೇರಿಸಿದರು. ನನ್ನ ಹೆಂಡತಿಯ ಮುಖ ಕಣ್ಣ ಮುಂದೆ ಬಂತು.

ಯಾರಿಗೂ ಹೇಳದೆ ಕೆಲಸ ಮುಗಿಸುವ ದಾರಿ ಒಂದಿತ್ತು. ಅಳತೆ ಮಾಡುವ ಮೈಕ್ ತರಿಸಿದೆ. ಅದು ಸ್ಪೀಕರಿನ ಎದುರು ನಿಂತು, ಸದ್ದು ಎಲ್ಲಿ ಏರಿದೆ, ಎಲ್ಲಿ ತಗ್ಗಿದೆ ಅಂತ ಕಂಪ್ಯೂಟರಿನಲ್ಲಿ ಗೆರೆ ಎಳೆದು ತೋರಿಸುತ್ತದೆ. ಮೈಕ್ ನೋಡಿಕೊಂಡು ರೆಸಿಸ್ಟರ್ ಹಾಕಿ, ಹೊಸ ಟ್ವೀಟರ್ ಬಂತು, ಸರಿಹೋಯ್ತು ಅಂದರೆ ಮುಗಿಯಿತು. ಕಿವಿಯ ಮಾತು ಹೊರಗೆ ಬಿದ್ದರೆ ನನ್ನ ಹತ್ತಿರ ಸೌಂಡಿನ ಕೆಲಸ ಯಾರು ತರುತ್ತಾರೆ? ಹಾಗೇ ಮಾಡೋಣ ಅಂತ ನಿಶ್ಚಯ ಮಾಡಿಕೊಂಡೇ ಚನ್ನಪಟ್ಟಣಕ್ಕೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಸುಳ್ಳನ್ನು ಮನಸ್ಸಿನಲ್ಲೇ ಉರು ಹೊಡೆದೆ.

ಬಾಗಿಲು ತೆಗೆದವರು ಮಿಸ್. ಮುಖ ಬಾಡಿತ್ತು. ಒಳಗೆ ಕರೆದು ಕೂರಿಸಿ, ನಾನು ಚೀಲ ಬಿಚ್ಚುವ ಮೊದಲೇ ಅವರೇ ಮಾತು ತೆಗೆದರು.

“ನಿಮಗೆ ತುಂಬಾ ತೊಂದರೆ ಕೊಟ್ಟೆ. ನನ್ನ ಕಿವಿಯೇ ಕೆಟ್ಟಿರಬೇಕು ಅನ್ನಿಸ್ತಿದೆ. ಇವರಿಗೂ ಕೇಳಿಸದ್ದು, ನಿಮಗೂ ಕೇಳಿಸದ್ದು ನನಗೊಬ್ಬಳಿಗೇ ಕೇಳಿಸುತ್ತೆ. ಡಾಕ್ಟರ್ ಹತ್ರ ಹೋಗೋಣ ಅಂತಿದ್ದೀನಿ. ನೀವು ಹೇಗಿದೆಯೋ ಹಾಗೇ ಜೋಡಿಸಿಬಿಡಿ.”

ಕಣ್ಣು ಹೋಗುತ್ತಿರುವವರು. ಕೇಳುವುದೊಂದೇ ಉಳಿದಿದೆ ಅಂತ ನಂಬಿಕೊಂಡವರು. ಅವರಿಗೆ ನಾನು ಅದರ ಮೇಲೂ ಅನುಮಾನ ಹುಟ್ಟಿಸಿದ್ದೆ. ಉರು ಹೊಡೆದದ್ದು ಎಲ್ಲಿ ಹೋಯಿತೋ. ಭಾಯ್‌ನೂ ಕರೆಯಿರಿ ಅಂದೆ. ಅವರು ಬಂದು ಕೂತ ಮೇಲೆ ಹೇಳಿದೆ.

“ಮೇಡಂ, ನಿಮ್ಮ ಕಿವಿ ಸರಿಯಾಗೈತೆ. ಟ್ವೀಟರೂ ಸರಿಯಾಗೇ ಇತ್ತು. ಕೆಟ್ಟಿರೋದು ನನ್ನ ಕಿವಿ. ಅವತ್ತೇ ನನಗೆ ಗೊತ್ತಾಯ್ತು. ಗೊತ್ತಾಗಿಯೂ ಸುಳ್ಳು ಹೇಳಿದೆ.”

ಆಸ್ಪತ್ರೆಯ ಗ್ರಾಫ್ ತೆಗೆದು ಟೀಪಾಯಿ ಮೇಲಿಟ್ಟೆ. ಅವರು ಬೈಯಲಿ ಅಂತ ನನ್ನ ಮನಸ್ಸಿನಲ್ಲಿತ್ತು, ಬೈಸಿಕೊಂಡಿದ್ದರೆ ಹಗುರಾಗುತ್ತಿತ್ತು. ಮಿಸ್ ಗ್ರಾಫ್ ಮುಟ್ಟಲಿಲ್ಲ. ಸದ್ಯ ಅಂತ ಒಂದೇ ಮಾತು ಅಂದು, ಸೆರಗಿನಿಂದ ಕಣ್ಣೊರೆಸಿಕೊಂಡರು. ಈಚೆಗೆ ನಿದ್ದೆಯೇ ಬಂದಿರಲಿಲ್ಲ ಅಂತ ಆಮೇಲೆ ಹೇಳಿದರು. ನಾನು ನೆಲ ನೋಡುತ್ತಾ ಕೂತಿದ್ದೆ. ನಾನೇ ಬಿಚ್ಚಿಸಿ ಹಾಸಿಸಿದ ಜಮಖಾನ ಕಾಲ ಕೆಳಗಿತ್ತು.

ಮಿಸ್ ತರಗತಿಯಲ್ಲಿ ಹೇಳುವ ದನಿಯಲ್ಲೇ, ಸರಿ, ಈಗ ನಾನು ಏನು ಮಾಡಬೇಕು ಹೇಳಿ ಅಂದರು.

ಮೈಕ್ ಇಟ್ಟು ಅಳೆದು ಲೆಕ್ಕದ ಹತ್ತಿರಕ್ಕೆ ತಂದೆ. ನಾನು ಕಿತ್ತೆಸೆದಿದ್ದ ರೆಸಿಸ್ಟರಿನ ಲೆಕ್ಕ ಮೊದಲಿಂದಲೂ ಸರಿಯಾಗೇ ಇತ್ತು ಅನ್ನುವುದನ್ನು ಆ ಗೆರೆ ನನ್ನ ಮುಖಕ್ಕೇ ತೋರಿಸಿತು. ಅಲ್ಲಿಂದ ಮುಂದಿನ ಸಣ್ಣ ಹೆಚ್ಚುಕಮ್ಮಿಯನ್ನು ಮಿಸ್ ಕಿವಿಗೆ ಬಿಟ್ಟೆ. ಆಂಪ್ಲಿಫೈಯರ್ ಆರಿಸುವುದು, ಕ್ಲಿಪ್ ತೆಗೆದು ಬೇರೆ ರೆಸಿಸ್ಟರ್ ಕಚ್ಚಿಸುವುದು, ಮತ್ತೆ ಹಾಕುವುದು. ಯಾರೋ ಹೆಣ್ಣುಮಗಳು ವಚನ ಓದಿದ್ದನ್ನು ಅವರು ಪರೀಕ್ಷೆಗೆ ಆರಿಸಿಕೊಂಡಿದ್ದರು. ಇದರಲ್ಲಿ ‘ಶ’ ಬಂತು, ‘ಸ’ ಇನ್ನೂ ಒಸಿ ಚೂಪು ಅನ್ನುತ್ತಿದ್ದರು. ಇನ್ನೊಂದು ಹಾಕಿದರೆ, ಈಗ ಬಾಯಿಗೆ ಬಟ್ಟೆ ಕಟ್ಟಿದ ಹಾಗಾಯ್ತು, ಹಿಂದಕ್ಕೆ ಹೋಗಿ. ನನಗೆ ಎಲ್ಲವೂ ಒಂದೇ ಮಂಕು. ಏನೂ ತಿಳಿಯದೆ, ಬರೀ ಹೇಳಿದ್ದನ್ನು ಮಾಡುತ್ತಾ ನೆಲದ ಮೇಲೆ ಕೂತಿದ್ದೆ. ಕೊನೆಗೊಮ್ಮೆ ಅವರು ಏನೂ ಹೇಳಲಿಲ್ಲ. ತಿರುಗಿ ನೋಡಿದೆ. ಕಣ್ಣು ಮುಚ್ಚಿ, ತಲೆ ಹಿಂದಕ್ಕಿಟ್ಟು ಕೇಳುತ್ತಿದ್ದರು. ಸದ್ದು ಮಾಡದೆ ಬೆಸುಗೆ ಹಾಕಿದೆ.

ಸ್ಕೂಟರಿನವರೆಗೂ ಭಾಯ್ ಬಂದರು. ಬೀದಿಯಲ್ಲಿ ಯಾರೂ ಇಲ್ಲ ಅಂತ ನೋಡಿಕೊಂಡು, ಆ ಆಸ್ಪತ್ರೆ ರಾಮನಗರದಲ್ಲಿ ಎಲ್ಲಿ ಬತ್ತದೆ ಅಣ್ಣ ಅಂತ ಕೇಳಿದರು. ಹೇಳಿದೆ. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ನೀನು ತೊದಲ್ತಿರಲಿಲ್ಲ ಅಂದೆ. ಅವಳು ನನಗಿಂತ ಮೊದಲೇ ತಿಳಿದುಕೊಂಡಿದ್ದಳಂತೆ. ಹೇಳಿದ್ರೆ ನೀವು ಕೇಳ್ತಿದ್ರಾ ಅಂದಳು.

ಅಷ್ಟಕ್ಕೇ ಮುಗಿಯಲಿಲ್ಲ. ರೆಸಿಸ್ಟರ್ ಕಿತ್ತು ಹಾಕಿದ್ದು ಚನ್ನಪಟ್ಟಣದ್ದು ಒಂದೇ ಅಲ್ಲವಲ್ಲ. ಈಚಿನ ವರ್ಷಗಳಲ್ಲಿ ಎಷ್ಟು ಮನೆಗಳಲ್ಲಿ ಹಾಗೆ ಮಾಡಿದ್ದೇನೋ. ಯಾರೂ ದೂರಿರಲಿಲ್ಲ, ಅದನ್ನೇ ನಾನು ಹೊಗಳಿಕೆ ಅಂದುಕೊಂಡಿದ್ದೆ. ನೆನಪಿಗೆ ಬಂದ ಮೊದಲನೇದು ಮಾಗಡಿ ಕಡೆ ತಿಪ್ಪಸಂದ್ರದ ಒಂದು ರೈತರ ಮನೆ. ಅಲ್ಲಿ ಹಳೇ ಸೆಟ್ಟಿಗೆ ಹೊಸ ಟ್ವೀಟರ್ ಹಾಕಿಕೊಟ್ಟು, ಹೋಳಿಗೆ ಊಟ ಮಾಡಿಕೊಂಡು ಬಂದಿದ್ದೆ.

ಹೋದಾಗ ಮನೆಯ ಯಜಮಾನರು ಹೊಲದಲ್ಲಿದ್ದರು. ಅವರ ಹೆಂಡತಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಈ ಕಡೆ ಬಂದಿದ್ದೆ, ಸೆಟ್ ನೋಡಿ ಹೋಗಾನ ಅಂತ ಬಂದೆ ಅಂದೆ. ಆಯಮ್ಮ ಒಳಗೆ ಕರೆದುಕೊಂಡು ಹೋದರು. ಸ್ಪೀಕರುಗಳ ಮೇಲೆ ಹಳೇ ಸೀರೆ ಹೊದಿಸಿತ್ತು, ಅದರ ಮೇಲೆ ಮಡಚಿದ ಗೋಣಿಚೀಲ, ಬೀಜದ ಡಬ್ಬ. ಕೆಟ್ಟೋಯ್ತಾ ಅಂತ ಕೇಳಿದೆ. ಇಲ್ಲ ಕಣಣ್ಣ, ಚೆನ್ನಾಗೈತೆ, ಹಾಕಕ್ಕೆ ಪುರುಸೊತ್ತಿಲ್ಲ ಅಂದರು. ನಿಜ ಹೇಳಿ, ನಾನು ಅದಕ್ಕೇ ಬಂದಿರೋದು ಅಂದೆ. ಅವರು ಸೀರೆಯ ಅಂಚು ಸರಿ ಮಾಡುತ್ತಾ ನಿಂತರು.

“ನೀನು ಅಷ್ಟು ಆಸೆಯಿಂದ ಮಾಡ್ಕೊಟ್ಟೆ. ನಮ್ಮನೇಲಿ ಕೂತು ಉಂಡೆ. ಹಾಕಿದ್ರೆ ತಲೆ ಸಿಡೀತದೆ ಅಂತ ಯಾವ ಬಾಯಲ್ಲಿ ಹೇಳಾನ?”

ನಾನು ಬೀಜದ ಡಬ್ಬ ಇಳಿಸಿದೆ, ಗೋಣಿಚೀಲ ತೆಗೆದೆ, ಸೀರೆ ಮಡಚಿ ಪಕ್ಕಕ್ಕಿಟ್ಟೆ. ಸ್ಪೀಕರನ್ನು ಮಗ್ಗುಲಿಗೆ ಮಲಗಿಸಿ ಸ್ಕ್ರೂ ಬಿಚ್ಚುತ್ತಾ, ಎದುರಿಗೆ ಕೂತ್ಕೊಳ್ಳಿ ಅಕ್ಕ ಅಂದೆ.

“ಚುಚ್ಚೋದು ನಿಂತ ತಕ್ಷಣ ಹೇಳಿ. ನನಗೆ ಗೊತ್ತಾಗಲ್ಲ.”

ಅವರು ನನ್ನ ಮುಖವನ್ನೊಮ್ಮೆ ನೋಡಿ, ಅವರೆಕಾಯಿಯ ಮೊರ ತಂದು ಮಡಿಲಲ್ಲಿಟ್ಟುಕೊಂಡು ಎದುರಿಗೆ ಕೂತರು.